ಹೊಸೂರು ರಸ್ತೆಯ ಮನೋವೈದ್ಯ: ಡಾ. ಎಂ.ವಿ. ಗೋವಿಂದಸ್ವಾಮಿ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಭಾಗದ ಕನ್ನಡಿಗರು ಮನೋರೋಗದ ಚಿಕಿತ್ಸೆಗೆ ಇಂದಿಗೂ ಆಶ್ರಯಿಸುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯನ್ನು. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಡಾ. ಗೋವಿಂದಸ್ವಾಮಿಯವರು ಪ್ರಮುಖರು.

1904ರಲ್ಲಿ ಜನಿಸಿದ ಅವರು ಡಾ. ಫ್ರಾಂಕ್ ನರೋನ್ಹಾ ಅವರ ತರುವಾಯ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. ಹುಚ್ಚಾಸ್ಪತ್ರೆಯೆಂಬ ಹೆಸರನ್ನು ಅದು ಕಳಚಿಕೊಂಡದ್ದು 1925ರಲ್ಲಿ. ಖಿನ್ನತೆಗೆ ಆಗ ತಕ್ಕ ಔಷಧವಿರಲಿಲ್ಲ. ಸೆಳೆತ ಬರಿಸುವ ಚಿಕಿತ್ಸೆಯೇ ವೈದ್ಯರಿಗೆ ಆಸರೆಯಾಗಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಮೊದಲ ನಿರ್ದೇಶಕರಾದರು.

ಅವರು ಸಂಸ್ಥೆಯನ್ನು ಕಟ್ಟುತ್ತಿದ್ದ ಆ ದಶಕದಲ್ಲೇ ಚಿಕಿತ್ಸೆಯ ದಿಕ್ಕು ಬದಲಾಯಿತು. ನಮ್ಮ ನಾಟಿ ವೈದ್ಯರು ಬಲ್ಲ ಸರ್ಪಗಂಧಿಯಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್, ಮೆದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಬರಿದುಮಾಡುವುದು ಕಂಡುಬಂದಿತು. ಸೇವಿಸಿದ ಕೆಲವರಲ್ಲಿ ಖಿನ್ನತೆ ತಲೆದೋರಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್, ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುವುದೆಂದು ಪ್ರಕಟಿಸಿದರು. ಮೆದುಳಿನ ಕಾಂಡದಲ್ಲಿರುವ ಅಲ್ಪಸಂಖ್ಯೆಯ ನರಕೋಶಗಳು ಈ ರಾಸಾಯನಿಕಗಳನ್ನು ಮೆದುಳಿನೆಲ್ಲೆಡೆ ಒದಗಿಸುತ್ತವೆ. ಅವು ಬೇಗನೆ ಮರಳಿ ಹೀರಲ್ಪಡದಂತೆ ಈ ಔಷಧ ತಡೆಯುತ್ತದೆಂದು ಮುಂದೆ ತಿಳಿಯಿತು. ಆದರೆ ಗುಣ ಕಾಣಲು ವಾರಗಳೇ ಬೇಕು. ರಾಸಾಯನಿಕದ ಕೊರತೆಯೊಂದರಿಂದಲೇ ರೋಗವನ್ನು ವಿವರಿಸಲಾಗದು.

ಗೋವಿಂದಸ್ವಾಮಿಯವರು 1961ರಲ್ಲಿ ನಿಧನರಾದರು. ಅವರ ಸಂಸ್ಥೆ ಮತ್ತು ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಖಿನ್ನತೆಯನ್ನು ಗಾಳಿಯ ಕಾಟವೆಂದೋ ಮನೆತನದ ಕಳಂಕವೆಂದೋ ಬಚ್ಚಿಡುವ ಗಡಿನಾಡಿನ ಕುಟುಂಬಗಳಿಗೆ ಆ ಬಾಗಿಲು ಇಂದಿಗೂ ತೆರೆದಿದೆ.