ಮರಳುವ ಸ್ವರ: ಲಿಯೋ ಫೆಂಡರನ ಜೀವನ

ವಾದ್ಯವನ್ನು ನುಡಿಸಿದವರ ಹೆಸರು ಲೋಕದ ನಾಲಗೆಯ ಮೇಲೆ ನಿಲ್ಲುತ್ತದೆ. ವಾದ್ಯವನ್ನು ಮಾಡಿದವರ ಹೆಸರು ಸಾಮಾನ್ಯವಾಗಿ ಅವರ ಉಳಿ ಸುತ್ತಿಗೆಗಳೊಡನೆಯೇ ಮಲಗಿಬಿಡುತ್ತದೆ. ವೀಣೆ ಶೇಷಣ್ಣನವರನ್ನು ನೆನೆಯದ ಕನ್ನಡ ರಸಿಕನಿಲ್ಲ. ಅವರು ನುಡಿಸಿದ ವೀಣೆಯ ಕೊಡವನ್ನು ಕೊರೆದ ಬಡಗಿ ಯಾರೆಂದು ಕೇಳಿದರೆ ನಾವು ಸುಮ್ಮನಾಗುತ್ತೇವೆ. ಈ ನಿಯಮಕ್ಕೆ ಹೊರತಾದ ಕೆಲವರಲ್ಲಿ ಅಮೆರಿಕದ ಲಿಯೋ ಫೆಂಡರ್ ಒಬ್ಬನು. ಆತನ ಹೆಸರು ಆತನು ರೂಪಿಸಿದ ಗಿಟಾರಿನ ತಲೆಯ ಮೇಲೆಯೇ ಬರೆದಿದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳ ಕಾಲೇಜು ತರುಣರ ಕೈಯಲ್ಲಿ ಇಂದು ಕಾಣುವ ವಿದ್ಯುತ್ ಗಿಟಾರುಗಳಲ್ಲಿ ಎಷ್ಟೋ ಆತನ ಮಾದರಿಯ ಅನುಕರಣಗಳೇ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರು ವಿರಳ. ಆ ಮನುಷ್ಯನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂದರೆ ನಂಬುವವರು ಇನ್ನೂ ವಿರಳ.

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಎಂಬುದು ಆತನ ಪೂರ್ಣನಾಮ. 1909ನೆಯ ಇಸವಿ ಆಗಸ್ಟ್ 10ರಂದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಅನಾಹೈಮ್ ಮತ್ತು ಫುಲರ್ಟನ್ ಊರುಗಳ ನಡುವಣ ಒಂದು ಕಿತ್ತಳೆಯ ತೋಟದಲ್ಲಿ ಆತನು ಹುಟ್ಟಿದನು. ಕಿತ್ತಳೆಯ ತೋಟವೆಂದರೆ ಏನೆಂಬುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಆದರೆ ಅಲ್ಲಿಯದು ಒಣ ಹವೆ, ವರ್ಷದ ಬಹುಭಾಗ ಬಿಸಿಲು. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವುಂಟು. ಬಾಲಕನಿಗೆ ಎಂಟು ವರ್ಷವಾದಾಗ ರೋಗದಿಂದ ಎಡಗಣ್ಣು ಹೋಯಿತು. ಅದರ ಸ್ಥಾನದಲ್ಲಿ ಗಾಜಿನ ಕಣ್ಣನ್ನಿಟ್ಟರು. ಪಿಯಾನೊ, ಸ್ಯಾಕ್ಸೊಫೋನ್‌ಗಳ ಪಾಠ ಸ್ವಲ್ಪ ನಡೆದು ನಿಂತಿತು. ಹದಿಮೂರನೆಯ ವಯಸ್ಸಿನ ಹೊತ್ತಿಗೆ ಮೋಟಾರು ವಿದ್ಯುತ್ ಕೆಲಸ ಮಾಡುತ್ತಿದ್ದ ಬಂಧುವೊಬ್ಬನು ಒಂದು ಪೆಟ್ಟಿಗೆಯ ತುಂಬ ಹಳೆಯ ರೇಡಿಯೋ ಭಾಗಗಳನ್ನು ಕಳುಹಿಸಿಕೊಟ್ಟನು. ಸರಸ್ವತಿ ಆ ಹುಡುಗನಿಗೆ ಒಲಿದುದು ಈ ಪೆಟ್ಟಿಗೆಯ ಮೂಲಕವೇ ಎನ್ನಬೇಕು.

ಆದರೂ ಆತನು ಓದಿದ್ದು ಲೆಕ್ಕಪತ್ರದ ವಿದ್ಯೆಯನ್ನು. 1928ರಲ್ಲಿ ಪ್ರೌಢಶಾಲೆ ಮುಗಿಸಿ, ಫುಲರ್ಟನ್ನಿನ ಕಾಲೇಜಿನಲ್ಲಿ ಆ ವಿಷಯವನ್ನು ಅಭ್ಯಾಸ ಮಾಡಿ, ಗುಮಾಸ್ತನಾಗಿ ಬಾಳು ಆರಂಭಿಸಿದನು. 1934ರಲ್ಲಿ ಎಸ್ತರಳನ್ನು ವಿವಾಹವಾದನು. ಆಗ ಅಮೆರಿಕವನ್ನು ಮಹಾ ಆರ್ಥಿಕ ಮುಗ್ಗಟ್ಟು ಹಿಂಡುತ್ತಿದ್ದಿತು. ಕೆಲಸಗಳು ಒಂದರ ಹಿಂದೊಂದು ಕೈತಪ್ಪಿದುವು. 1938ರಲ್ಲಿ 600 ಡಾಲರು ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿಯೊಂದನ್ನು ತೆರೆದನು. ಊರಿನ ಸಂಗೀತಗಾರರು ಕೆಟ್ಟ ಧ್ವನಿವರ್ಧಕಗಳನ್ನೂ ಗಿಟಾರುಗಳನ್ನೂ ಹೊತ್ತು ಅಲ್ಲಿಗೆ ಬರತೊಡಗಿದರು. ಒಡೆದುದನ್ನು ಪ್ರತಿದಿನ ಬಿಚ್ಚಿ ನೋಡುವವನಿಗೆ ಒಂದು ಜ್ಞಾನ ಬರುತ್ತದೆ: ಎಲ್ಲಿ ಒಡೆಯುತ್ತದೆ, ಏಕೆ ಒಡೆಯುತ್ತದೆ ಎಂಬುದು. ಲಿಯೋ ಮುಂದೆ ಮಾಡಿದ ವಾದ್ಯಗಳೆಲ್ಲ ಈ ಜ್ಞಾನದ ಫಲ. ಅವುಗಳ ಕತ್ತನ್ನು ಒಡಲಿಗೆ ಅಂಟಿನಿಂದ ಕೂಡಿಸದೆ ತಿರುಪುಮೊಳೆಗಳಿಂದ ಬಿಗಿದನು. ಕೆಟ್ಟ ಭಾಗವನ್ನು ಯಾವ ಊರಿನಲ್ಲಾದರೂ ಬಿಚ್ಚಿ ಬೇರೆಯದನ್ನು ಹಾಕಿಕೊಳ್ಳಬಹುದಾಗಿತ್ತು.

ಯುದ್ಧಕಾಲದಲ್ಲಿ ಆತನಿಗೆ ಡಾಕ್ ಕಾಫ್‌ಮನ್ ಎಂಬ ಗೆಳೆಯನು ಜೊತೆಯಾದನು. ತಂತಿಗಳ ಸ್ವರವನ್ನು ಅಲುಗಿಸುವ ಒಂದು ಹಿಡಿಯನ್ನು ಈತನು ಅದಕ್ಕೆ ಮೊದಲೇ ಕಲ್ಪಿಸಿದ್ದನು. 1930ರ ದಶಕದಲ್ಲಿ ಅದು ರಿಕನ್‌ಬ್ಯಾಕರ್ ಗಿಟಾರುಗಳಲ್ಲಿ ಬಳಕೆಗೆ ಬಂದಿತ್ತು. 1945ರಲ್ಲಿ ಇಬ್ಬರೂ ಕೂಡಿ ಹವಾಯಿಯನ್ ಬಗೆಯ ಸ್ಟೀಲ್ ಗಿಟಾರುಗಳನ್ನು ತಯಾರಿಸತೊಡಗಿದರು. ಮರುವರ್ಷ ಕಾಫ್‌ಮನ್ ಸಾಲಕ್ಕೆ ಅಂಜಿ ಹೊರಬಂದನು. ಲಿಯೋ ಒಬ್ಬನೇ ಮುಂದುವರಿದನು. ಟೊಳ್ಳಿಲ್ಲದ ಮರದ ಒಡಲಿನ ಟೆಲಿಕಾಸ್ಟರ್ ಗಿಟಾರು ಆ ಹೆಸರಿನಿಂದ 1951ರಲ್ಲಿ ಪ್ರಸಿದ್ಧವಾಯಿತು. ಅದೇ ವರ್ಷ ಪ್ರಿಸಿಷನ್ ಬಾಸ್ ಹೊರಬಂದಿತು. 1954ರಲ್ಲಿ ಬಂದುದು ಸ್ಟ್ರ್ಯಾಟೊಕಾಸ್ಟರ್; ಲಿಯೋನ ಕೀರ್ತಿಗೆ ಕಳಶವಿಟ್ಟುದು ಇದು. ನಾವು ಸ್ವಲ್ಪ ನಿಂತು ನೋಡಬೇಕಾದುದು ಇದರ ಕುದುರೆಗೆ ತೊಡಿಸಿದ ಪುಟ್ಟ ಉಕ್ಕಿನ ಹಿಡಿಯನ್ನು.

ನಮ್ಮ ಸಂಗೀತದಲ್ಲಿ ಗಮಕವಿಲ್ಲದ ಸ್ವರ ಶೋಭಿಸದು. ವೈಣಿಕನು ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ತೂಗುತ್ತಾನೆ. ಗಿಟಾರಿನಲ್ಲಿಯೂ ಹಾಗೆ ಎಳೆಯಬಹುದು. ಆದರೆ ಎಳೆದರೆ ಸ್ವರ ಏರುತ್ತದೆಯೇ ಹೊರತು ಮೆಟ್ಟಿಲಿನ ಸ್ಥಾನದಿಂದ ಕೆಳಗಿಳಿಯುವುದಿಲ್ಲ; ಆರು ತಂತಿಗಳನ್ನೂ ಒಮ್ಮೆಗೇ ತೂಗುವುದಂತೂ ಬೆರಳಿಗೆ ಮೀರಿದುದು. ಸ್ಟೀಲ್ ಗಿಟಾರಿನವನು ತಂತಿಗಳ ಮೇಲೆ ಉಕ್ಕಿನ ಸಲಾಕಿಯನ್ನು ಜಾರಿಸಿ ಇದನ್ನು ಸಾಧಿಸುತ್ತಿದ್ದನು. ಆ ನಯವನ್ನು ಸಾಮಾನ್ಯ ಗಿಟಾರಿಗೂ ತರಬೇಕೆಂಬುದು ವಾದಕರ ಬಯಕೆ. ಬಿಲ್ ಕಾರ್ಸನ್‌ನಂತಹ ವಾದಕರು ಲಿಯೋನ ಕಾರ್ಖಾನೆಗೆ ಬಂದು ತಮ್ಮ ಬೇಕು ಬೇಡಗಳನ್ನು ಹೇಳುತ್ತಿದ್ದರು. ಹವಾಯಿಯವನಾದ ಫ್ರೆಡ್ಡಿ ಟವಾರೆಸ್ ಕಾರ್ಖಾನೆಯೊಳಗೇ ಇದ್ದನು. ತಾನು ನುಡಿಸಲಾರೆನೆಂಬುದನ್ನು ಬಲ್ಲ ಲಿಯೋ ನುಡಿಸುವವರ ಮಾತನ್ನು ಲಕ್ಷ್ಯವಿಟ್ಟು ಕೇಳುತ್ತಿದ್ದನು.

ಹಿಡಿಯನ್ನು ಒತ್ತಿದರೆ ಸ್ವರ ಇಳಿಯುವಂತೆ ಮಾಡುವುದು ಕಷ್ಟವಲ್ಲ. ಬಿಟ್ಟೊಡನೆ ಅದು ಹೊರಟ ಸ್ಥಾನಕ್ಕೇ ಬಂದು ನಿಲ್ಲಬೇಕು. ಕಷ್ಟವಿರುವುದು ಇಲ್ಲಿ. ಕೂದಲೆಳೆಯಷ್ಟು ತಪ್ಪಿದರೂ ಮುಂದಿನ ಸ್ವರಗಳೆಲ್ಲ ಅಪಸ್ವರ. ಲಿಯೋನ ಮೊದಲ ರಚನೆಯಿಂದ ವಾದ್ಯದ ನಾದವೇ ಸೊರಗಿತು. ತಯಾರಿಕೆಗೆ ಸಿದ್ಧವಾಗಿದ್ದ ಅದನ್ನು ಆತನು ಪಕ್ಕಕ್ಕಿಟ್ಟು ಮೊದಲಿನಿಂದ ಆರಂಭಿಸಿದನು. ಎರಡನೆಯ ರಚನೆಯಲ್ಲಿ ತಂತಿಗಳ ಬುಡವನ್ನು ಒಂದು ಉಕ್ಕಿನ ದಿಮ್ಮಿಯೊಳಗೆ ಕೂರಿಸಿ, ಆ ದಿಮ್ಮಿಯನ್ನು ಕುದುರೆಯ ತಗಡಿಗೆ ಬೆಸೆದಂತೆ ಬಿಗಿದನು. ತಗಡಿನ ಮುಂಚು ಆರು ತಿರುಪುಮೊಳೆಗಳನ್ನು ಆತುಕೊಂಡು ಬಾಗಿಲಿನ ಕೀಲಿನಂತೆ ಬಾಗುತ್ತದೆ. ಗಿಟಾರಿನ ಬೆನ್ನಿನ ಪೊಳ್ಳಿನಲ್ಲಿ ಐದು ಸ್ಪ್ರಿಂಗುಗಳು ದಿಮ್ಮಿಯನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಒಂದು ಕಡೆ ತಂತಿಗಳ ಸೆಳೆತ, ಸಾಮಾನ್ಯವಾಗಿ 40 ಕಿಲೋಗ್ರಾಂ ಆಸುಪಾಸಿನದು. ಇನ್ನೊಂದು ಕಡೆ ಅದಕ್ಕೆ ಸರಿದೂಗುವ ಸ್ಪ್ರಿಂಗುಗಳ ಸೆಳೆತ. ಕುದುರೆ ಈ ಎರಡರ ನಡುವೆ ತಕ್ಕಡಿಯ ಮುಳ್ಳಿನಂತೆ ನಿಲ್ಲುತ್ತದೆ. 1954ರ ಆಗಸ್ಟಿನಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1956ರ ಏಪ್ರಿಲಿನಲ್ಲಿ ಇದಕ್ಕೆ ಪೇಟೆಂಟು ದೊರೆಯಿತು.

ಹೆಸರಿಡುವಾಗ ಮಾತ್ರ ಲಿಯೋ ಎಡವಿದನು. ಸ್ವರದ ಸ್ಥಾನವನ್ನು ಅಲುಗಿಸುವುದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ವೈಬ್ರಾಟೊ ಎನ್ನುತ್ತಾರೆ. ನಾದದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸುವುದು ಟ್ರೆಮೊಲೊ. ಆತನು ತನ್ನ ಹಿಡಿಯನ್ನು ಟ್ರೆಮೊಲೊ ಎಂದು ಕರೆದನು. ನಾದವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ ತನ್ನ ಧ್ವನಿವರ್ಧಕಕ್ಕೆ ವೈಬ್ರಾಟೊ ಎಂಬ ಹೆಸರಿಟ್ಟನು. ಲೋಕವು ಆ ತಪ್ಪನ್ನೇ ರೂಢಿ ಮಾಡಿಕೊಂಡಿತು. ರೂಢಿಯ ಮುಂದೆ ವ್ಯುತ್ಪತ್ತಿ ಸೋಲುವುದನ್ನು ಬಲ್ಲ ನಮ್ಮ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ.

ಒಣ ನಾಡಿನಲ್ಲಿ ಹುಟ್ಟಿದ ಈ ಯಂತ್ರ ಕೊಡಗಿಗೆ ಬಂದಾಗ ಅದಕ್ಕೆ ವಿಶೇಷ ಆರೈಕೆ ಬೇಕು. ಕಕ್ಕಡ ಮಾಸದಲ್ಲಿ ಹರವಿದ ಬಟ್ಟೆ ವಾರವಾದರೂ ಆರದು, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ; ಉಕ್ಕಿನ ತಂತಿ, ಸ್ಪ್ರಿಂಗು, ತಿರುಪುಗಳ ಗತಿಯೇನು? ಹಿಡಿಯನ್ನು ತೊಡಿಸುವಾಗ ಮೊದಲ ಸುತ್ತುಗಳನ್ನು ಬೆರಳ ತುದಿಯಿಂದಲೇ ತಿರುಗಿಸಬೇಕು. ತಡೆ ಕಂಡರೆ ಬಲವಂತ ಮಾಡದೆ ಬಿಚ್ಚಿ ಮತ್ತೆ ಕೂರಿಸಬೇಕು. ಅತಿಯಾಗಿ ಬಿಗಿದ ಹಿಡಿ ತಿರುಪಿನ ಬಳಿ ಮುರಿದರೆ ಅದರ ತುಂಡು ದಿಮ್ಮಿಯೊಳಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಅಳತೆಯ ಹಿಡಿಯು ಏಷ್ಯದಲ್ಲಿ ತಯಾರಾದ ಅನೇಕ ಗಿಟಾರುಗಳ ಮೆಟ್ರಿಕ್ ರಂಧ್ರಕ್ಕೆ ಹೊಂದದೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು; ಕೊಬ್ಬರಿ ಎಣ್ಣೆ ಕೂಡದು, ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಪೆಟ್ಟಿಗೆಯಲ್ಲಿಡುವ ಮುನ್ನ ಹಿಡಿಯನ್ನು ಬಿಚ್ಚಿ, ತಂತಿಗಳನ್ನು ಒಣಬಟ್ಟೆಯಿಂದ ಒರೆಸಬೇಕು. ತೇವ ಆರಲೆಂದು ವಾದ್ಯವನ್ನು ಒಲೆಯ ಬಳಿ ಇಟ್ಟರೆ ಕತ್ತು ಬಾಗುವ ಭಯವುಂಟು.

ತಂತಿಗಳನ್ನು ಬದಲಿಸುವಾಗ ಒಂದೊಂದಾಗಿ ಬದಲಿಸುವುದು ಲೇಸು; ಎಲ್ಲವನ್ನೂ ಒಟ್ಟಿಗೆ ತೆಗೆದರೆ ಸ್ಪ್ರಿಂಗುಗಳಿಗೆ ಎದುರಾಳಿಯಿಲ್ಲದಂತಾಗಿ ಕುದುರೆಯ ನೆಲೆ ತಪ್ಪುತ್ತದೆ. ದಪ್ಪ ತಂತಿ ಹಾಕಿ ಕುದುರೆಯ ಹಿಂಭಾಗ ಮೇಲೆದ್ದರೆ, ಸ್ಪ್ರಿಂಗುಗಳನ್ನು ಹಿಡಿದಿರುವ ಬೆನ್ನಿನ ಎರಡು ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಪ್ರತಿಸಲವೂ ಶ್ರುತಿಯನ್ನು ನೋಡಿಕೊಳ್ಳಬೇಕು. ಇಷ್ಟಾದರೂ ಸ್ವರ ಮರಳದಿದ್ದರೆ ಸ್ಪ್ರಿಂಗನ್ನೇ ದೂರಬಾರದು. ಬಿರಡೆಗಳ ಬಳಿ, ಕತ್ತಿನ ತುದಿಯಲ್ಲಿ ತಂತಿ ಹಾಯುವ ಗೀರುಗಳಲ್ಲಿಯೇ ಅದು ಸಿಕ್ಕಿಕೊಂಡಿರುವುದು ಹೆಚ್ಚು. ಅಲ್ಲಿ ಸೀಸದ ಕಡ್ಡಿಯ ಪುಡಿಯನ್ನು ಸವರಿದರೆ ತಂತಿ ಸಲೀಸಾಗಿ ಜಾರುತ್ತದೆ. ಇದಕ್ಕೆಲ್ಲ ಒಂದು ತಿರುಪುಳಿಯೂ ತಾಳ್ಮೆಯೂ ಇದ್ದರೆ ಸಾಕು. ದುರಸ್ತಿಯ ಅಂಗಡಿ ದೂರವಿರುವ ಊರಿನವನಿಗೆ ಲಿಯೋ ಇಟ್ಟುಹೋದ ಆಸ್ತಿ ಇದು.

ಈ ಹಿಡಿಯನ್ನು ಲಿಯೋ ಮಾಡಿದ್ದು ಸೌಮ್ಯವಾದ ತೂಗಾಟಕ್ಕಾಗಿ. ಕಾಲ ಅದನ್ನು ಬೇರೆ ದಾರಿಗೆ ಕೊಂಡೊಯ್ದಿತು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರ್ಯಾಟೊಕಾಸ್ಟರಿನ ಮೇಲೆ ತನ್ನ ದೇಶದ ರಾಷ್ಟ್ರಗೀತೆಯನ್ನು ನುಡಿಸುತ್ತ, ಆ ಹಿಡಿಯನ್ನು ಆಳಕ್ಕೆ ಒತ್ತಿ ಬಾಂಬುಗಳ ಬೀಳುವಿಕೆಯನ್ನೇ ಕೇಳಿಸಿದನು. ಅದು ವಿಯೆಟ್ನಾಂ ಯುದ್ಧದ ಕಾಲ. ಗುಮಾಸ್ತನೊಬ್ಬನ ಕಾರ್ಯಾಗಾರದಲ್ಲಿ ಹುಟ್ಟಿದ ಉಪಕರಣ ಒಂದು ತಲೆಮಾರಿನ ಆರ್ತನಾದಕ್ಕೆ ಕೊರಳಾಯಿತು.

ಆ ವೇಳೆಗೆ ಕಂಪನಿ ಲಿಯೋನ ಕೈಯಲ್ಲಿರಲಿಲ್ಲ. ಬಹುಕಾಲದ ಸೋಂಕಿನಿಂದ ಬಳಲಿ, ಇನ್ನು ಹೆಚ್ಚು ದಿನ ಬದುಕೆನೆಂದು ಬಗೆದು, 1965ರ ಜನವರಿಯಲ್ಲಿ ಅದನ್ನು ಸಿ.ಬಿ.ಎಸ್. ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿಬಿಟ್ಟನು. ಅನಂತರ ರೋಗ ವಾಸಿಯಾಯಿತು. ಆದರೆ ತನ್ನ ಹೆಸರೇ ಪರರ ಸೊತ್ತಾಗಿತ್ತು. ಕೈತುಂಬ ಹಣವಿದ್ದ ಆತನು ವಿಶ್ರಾಂತನಾಗಿ ಕುಳಿತುಕೊಳ್ಳಬಹುದಾಗಿತ್ತು; ಕುಳಿತುಕೊಳ್ಳಲಿಲ್ಲ. 1975ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಸಂಸ್ಥೆಯ ಅಧ್ಯಕ್ಷನಾದನು. 1979ರಲ್ಲಿ ಎಸ್ತರ್ ತೀರಿಕೊಂಡಳು. ಮರುವರ್ಷ ಫಿಲಿಸ್ ಎಂಬಾಕೆಯನ್ನು ಮದುವೆಯಾದನು. ಅದೇ ಸುಮಾರಿನಲ್ಲಿ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ನನೊಡನೆ ಜಿ ಅಂಡ್ ಎಲ್ ಎಂಬ ಸಂಸ್ಥೆಯನ್ನು ಕಟ್ಟಿದನು. ಅಲ್ಲಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ಅದೇ ಹಿಡಿ. ಆರು ತಿರುಪುಗಳ ಬದಲು ಎರಡೇ ಕಂಬಗಳ ಮೇಲೆ ಕುದುರೆಯನ್ನು ನಿಲ್ಲಿಸಿ, ಅದು ಇನ್ನೂ ನಿಖರವಾಗಿ ಮರಳುವಂತೆ ಮಾಡಿದನು. ತಾನು ಜಗತ್ಪ್ರಸಿದ್ಧವಾಗಿಸಿದ ರಚನೆಯಲ್ಲಿಯೇ ದೋಷ ಹುಡುಕಿ ತಿದ್ದುವ ಆ ಮುಪ್ಪಿನ ಉತ್ಸಾಹ ಅಪೂರ್ವವಾದುದು.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗ ಕಾಡಿತು. ತಂತಿಯ ಕಂಪನವನ್ನು ಹತೋಟಿಗೆ ತಂದವನ ಕೈಯೇ ನಡುಗತೊಡಗಿತು. ಆದರೂ ಆತನು ಕಾರ್ಯಾಗಾರವನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, ತನ್ನ 81ನೆಯ ವಯಸ್ಸಿನಲ್ಲಿ, ಹುಟ್ಟಿದ ತೋಟದಿಂದ ದೂರವಲ್ಲದ ಫುಲರ್ಟನ್ನಿನಲ್ಲಿಯೇ ತೀರಿಕೊಂಡನು. ಮರುವರ್ಷ ಅಮೆರಿಕದ ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ಆತನ ಹೆಸರು ಸೇರಿತು. ವೇದಿಕೆಯ ಮೇಲೆ ಒಂದು ರಾಗವನ್ನೂ ನುಡಿಸದೆ ಆ ಮಂದಿರವನ್ನು ಹೊಕ್ಕವನು ಆತನು. ವಿದ್ಯಾರ್ಥಿಗಳಿಗೆ ಆತನ ಬಾಳಿನಿಂದ ಕಲಿಯತಕ್ಕದ್ದು ಗಿಟಾರಿನ ವಿದ್ಯೆಯಷ್ಟೇ ಅಲ್ಲ: ತನಗೆ ಬಾರದುದನ್ನು ಬಲ್ಲವರ ಬಳಿ ಕೇಳಿ ತಿಳಿಯುವ ವಿನಯ, ಮಾಡಿದುದು ತಪ್ಪಾದರೆ ಮೊದಲಿನಿಂದ ಆರಂಭಿಸುವ ಧೈರ್ಯ, ಮುರಿದುದನ್ನು ಬಡವನೂ ತಾನೇ ಸರಿಪಡಿಸಿಕೊಳ್ಳುವಂತೆ ಮಾಡಿಡುವ ಔದಾರ್ಯ.