ಅಂಕಿಗಳ ಹಾರ ಪೋಣಿಸಿದ ಮಹಾವೀರಾಚಾರ್ಯರು
ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರು. ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಭಾಗವಾಗಿದ್ದ ಆ ಕಾಲದಲ್ಲಿ ಅವರು ಗಣಿತಕ್ಕೇ ಇಡೀ ಗ್ರಂಥವನ್ನು ಮೀಸಲಿಟ್ಟರು. ಬಡ್ಡಿ, ಚಿನ್ನ, ವ್ಯಾಪಾರದ ಲೆಕ್ಕಗಳೂ ಅದರಲ್ಲಿವೆ.

ಗುಣಾಕಾರದ ಅಭ್ಯಾಸಕ್ಕೆ ಆಚಾರ್ಯರು ಹಾರದಂತಹ ಸಂಖ್ಯೆಗಳನ್ನು ಕೊಟ್ಟರು. 27994681 ಅನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಅಂಕಿಗಳು ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದು 111111ರ ವರ್ಗವೂ ಹೌದು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಹಾರ ಕೂಡುವುದಿಲ್ಲ. ಕಲಿಯುವವನಿಗೆ ತನ್ನ ತಪ್ಪು ತಾನೇ ಕಾಣುತ್ತದೆ.

1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ನಮ್ಮ ಮಕ್ಕಳು ಈ ಗುಣಾಕಾರವನ್ನು ಒಮ್ಮೆ ಕೈಯಿಂದಲೇ ಮಾಡಿ ನೋಡಲಿ.