ರದ್ದಿಗೆ ಹೋದ ಮೊದಲ ಹತ್ತು ಸಂಚಿಕೆ: ಅನಂತ ಪೈ ಮತ್ತು ಕನ್ನಡದ ಚಿತ್ರಕಥೆ

ಏಕಸಂಬಿ: ಚಿಕ್ಕೋಡಿ, ನಿಪ್ಪಾಣಿ ಭಾಗದ ಮನೆಗಳ ಅಟ್ಟದಲ್ಲಿ ಹಳೆಯ ಚಿತ್ರಕಥೆಗಳ ಕಟ್ಟು ಸಿಕ್ಕರೆ, ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಒಳಿತು. ಕನ್ನಡ ಹಾಗೂ ಮರಾಠಿ ಎರಡನ್ನೂ ಓದುವ ಈ ಗಡಿಸೀಮೆಯಲ್ಲಿ ಒಂದೇ ಕಟ್ಟಿನೊಳಗೆ ಎರಡೂ ಭಾಷೆಯ ಪ್ರತಿಗಳು ಸಿಗಬಹುದು. ಅವುಗಳ ನಡುವೆ 1965ರ ಕನ್ನಡ ಅಮರ ಚಿತ್ರಕಥೆಯೊಂದು ಇದ್ದರೆ ಅದು ಸಂಗ್ರಾಹಕರ ಪಾಲಿಗೆ ನಿಧಿಯೇ ಸರಿ.

ಅಮರ ಚಿತ್ರಕಥೆ ಎಂದೊಡನೆ ನೆನಪಾಗುವವರು ಅನಂತ ಪೈ. ಅವರು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ಎರಡನೆಯ ವಯಸ್ಸಿಗೇ ತಂದೆ ತಾಯಿಯರನ್ನು ಕಳೆದುಕೊಂಡರು; ಹನ್ನೆರಡರಲ್ಲಿ ಮುಂಬಯಿ ಸೇರಿದರು. ವಿಲ್ಸನ್ ಕಾಲೇಜಿನಲ್ಲಿ ಓದಿದ್ದು ವಿಜ್ಞಾನ, ಮನಸ್ಸು ಮಾತ್ರ ಮುದ್ರಣದ ಕಡೆಗೆ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆ ಹೊರಡಿಸಿ ಸೋತರು. ಆನಂತರ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗ ಸೇರಿದರು. ಅಲ್ಲಿಂದಲೇ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಬಂದು, ಫ್ಯಾಂಟಮ್ ಭಾರತದ ಮಕ್ಕಳ ಮನೆಮಾತಾದ.

1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ರಸಪ್ರಶ್ನೆಯೊಂದು ನಡೆಯುತ್ತಿತ್ತು. ಗ್ರೀಕ್ ದೇವತೆಗಳ ಬಗ್ಗೆ ಥಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ತಡವರಿಸಿದರು. ಈ ದೃಶ್ಯವೇ ಅಮರ ಚಿತ್ರಕಥೆಗೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ ಕಥೆ. ಆದರೆ ಈ ಕಥೆಯಲ್ಲಿ ಕನ್ನಡದ ಪಾಲು ಬಿಟ್ಟುಹೋಗುತ್ತದೆ.

ಅದಕ್ಕೂ ಎರಡು ವರ್ಷ ಮೊದಲೇ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಂ ಅವರ ಪ್ರಯತ್ನದಿಂದ ಹತ್ತು ಚಿತ್ರಕಥೆಗಳು ಕನ್ನಡದಲ್ಲಿ ಪ್ರಕಟವಾಗಿದ್ದವು. ಸಿಂಡರೆಲಾ, ಅಲ್ಲಾವುದ್ದೀನ್, ಪಿನೋಕಿಯೋ ಮೊದಲಾದ ಪರದೇಶದ ಕಥೆಗಳವು. ಪೈ ಅವರು ಇಂಗ್ಲಿಷಿನಲ್ಲಿ ರಚಿಸಿ, ರಾಮ್ ವಾಯರ್ಕರ್ ಚಿತ್ರ ಬರೆದ 'ಕೃಷ್ಣ' ಸಂಚಿಕೆಯ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಮಾಲೆಯ ಆರಂಭವನ್ನು ಇಂಗ್ಲಿಷಿನಲ್ಲಿ ಹುಡುಕಿ ಗೊಂದಲಕ್ಕೊಳಗಾದ ಸಂಗ್ರಾಹಕರಿಗೆ ಇದುವೇ ಉತ್ತರ. ಹೀಗಿದ್ದರೂ ಶ್ರೇಯವೆಲ್ಲ ಒಬ್ಬರ ಹೆಸರಿಗೇ ಸಂದಿದ್ದು ನ್ಯಾಯವೆನಿಸದು. ಹಾಗೆಂದು ಪೈ ಅವರ ದುಡಿಮೆ ಸಣ್ಣದೇನಲ್ಲ. ಆರಂಭದಲ್ಲಿ ಮಾರಾಟ ಕುಂಟಿದಾಗ ಅವರು ಶಾಲೆಗಳನ್ನೇ ನಂಬಿದರು. ಶಿಕ್ಷಣದಲ್ಲಿ ಚಿತ್ರಕಥೆಯ ಸ್ಥಾನ ಕುರಿತು 1978ರಲ್ಲಿ ದೆಹಲಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯರೂ ಮಾಲೆಯೊಳಗೆ ಬಂದರು. ಪುಸ್ತಕಗಳ ಸಂಖ್ಯೆ ನಾನೂರು ದಾಟಿತು. 1980ರಲ್ಲಿ 'ಟಿಂಕಲ್' ಆರಂಭವಾದ ಮೇಲೆ ಅವರು ದೇಶದ ಮಕ್ಕಳಿಗೆಲ್ಲ ಅಂಕಲ್ ಪೈ ಆದರು. ದೇವರು, ರಾಜರು, ಮೇಲ್ಜಾತಿಗಳಿಗೇ ಹೆಚ್ಚು ಜಾಗ ಕೊಟ್ಟರೆಂಬ ಟೀಕೆಯೂ ಬಂತು; ಅದನ್ನು ತಳ್ಳಿಹಾಕುವಂತಿಲ್ಲ.

ಹಳೆಯ ಪ್ರತಿಯ ಮೌಲ್ಯ ಅಳೆಯುವ ಬಗೆ ಸ್ವಾರಸ್ಯಕರ. ಒಂದೇ ಕ್ರಮಸಂಖ್ಯೆಯಲ್ಲಿ ಮರುಮುದ್ರಣಗಳು ಬಂದಿರುವುದರಿಂದ ಸಂಖ್ಯೆಯನ್ನಷ್ಟೇ ನಂಬಲಾಗದು. ಮುಖಪುಟದ ಬೆಲೆ, ಒಳಪುಟದ ಪ್ರಕಾಶನ ವಿವರ, ಹಿಂಬದಿಯ ಜಾಹೀರಾತುಗಳನ್ನು ಕೂಡಿಸಿ ನೋಡಬೇಕು. ಮೊದಮೊದಲ ಮುದ್ರಣಗಳಲ್ಲಿ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳಷ್ಟನ್ನೇ ಬಳಸಲಾಗಿತ್ತು. ಇದು ಉಪಯುಕ್ತ ಗುರುತು. ಬಳಿಕ ಬೆನ್ನಿನ ಸೀಳು, ಪಿನ್ನಿನ ತುಕ್ಕು, ಹಾಳೆಯ ಹಳದಿ, ಬಿಟ್ಟುಹೋದ ಪುಟಗಳ ಪರೀಕ್ಷೆ. ಅಮೆರಿಕದಲ್ಲಿ ಇದಕ್ಕೆ ಹತ್ತು ಅಂಕಗಳ ಪ್ರಮಾಣವಿದೆ. ಮಗುವೊಂದು ಪೆನ್ನಿನಲ್ಲಿ ಹೆಸರು ಬರೆದಿದ್ದರೂ ಅಂಕ ಇಳಿಯುತ್ತದೆ. ನಮ್ಮ ಕಡೆ ಹೆಸರು ಬರೆಯದ ಪುಸ್ತಕ ಎಲ್ಲಿದೆ?

ಕೈಯಿಂದ ಕೈಗೆ ಹೋಗಿ ಹರಿಯುವುದೇ ಮಕ್ಕಳ ಪುಸ್ತಕದ ಹಣೆಬರಹವಾದ್ದರಿಂದ ಚೆನ್ನಾಗಿ ಓದಿಸಿಕೊಂಡ ಸಂಚಿಕೆಯೇ ಮೊದಲು ರದ್ದಿ ಸೇರಿತು. ಕನ್ನಡದ ಆ ಹತ್ತು ಪುಸ್ತಕಗಳ ಗತಿಯೂ ಅದೇ. ಇಂಗ್ಲಿಷ್ ಸಂಚಿಕೆಗಳು ಮರುಮುದ್ರಣಗೊಳ್ಳುತ್ತಲೇ ಇದ್ದವು. ಕನ್ನಡದ ಮೊದಲ ಪ್ರತಿಗಳನ್ನು ಕಾಯುವವರು ಕಡಿಮೆಯಾದರು.

2011ರ ಫೆಬ್ರುವರಿ 19ರಂದು ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್‌ನಲ್ಲಿ ಪೈ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ಐದು ದಿನಗಳ ಬಳಿಕ, ಫೆಬ್ರುವರಿ 24ರಂದು, ಮುಂಬಯಿಯಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 81 ವರ್ಷ.